ಮೂರು ಗಂಟೆಯೊಳಗೆ ನಾಲ್ಕು ಬೋಲ್ಟು

ನನ್ನ ಕೈಗೆ ಸಿಕ್ಕಿದ್ದು ಮಂಚದ ಹಿಂದಿನ ಬಲಗಾಲು ಮಾತ್ರ. ಉಳಿದ ಮೂರು ಕಾಲುಗಳು ಆಗಲೇ ನನ್ನ ತಲೆಗಿಂತ ಮೇಲಿದ್ದವು. ಮಂಚದ ಮೇಲೆ ಚಕ್ಕಲಬಕ್ಕಲ ಹಾಕಿ ಅವರೆಕಾಯಿ ಸುಲಿಯುತ್ತಿದ್ದ ಹಂಪಜ್ಜಿ ಕೂತ ಹಾಗೇ ಆಕಾಶಕ್ಕೆ ಹೊರಟಿದ್ದಳು. ಮೊರ ಅವಳಿಗಿಂತ ಮುಂದಿತ್ತು, ಕಾಳುಗಳು ಮೊರಕ್ಕಿಂತ ಮುಂದಿದ್ದವು. ನನ್ನ ಇನ್ನೊಂದು ಕೈ ಅಂಗಳದ ಗೋಡೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಎರಡು ಕೈಗಳ ನಡುವೆ ನಾನು ಒಣಹಾಕಿದ ಬಟ್ಟೆಯ ಹಾಗೆ ಚಾಚಿಕೊಂಡಿದ್ದೆ.

"ಬಿಡಬ್ಯಾಡ ಕಣೆ ಚೌಡಿ," ಎಂದು ಪಕ್ಕದ ಮನೆಯ ಕಿಟಕಿಯಿಂದ ಯಾರೋ ಹೇಳಿದರು. ಬಿಡಬಾರದೆಂದು ನನಗೂ ಗೊತ್ತಿತ್ತು. ಆದರೆ ಅದೇ ಹೊತ್ತಿಗೆ ಒಂದು ಅವರೆಕಾಳು ನನ್ನ ಮೂಗಿನ ಮುಂದೆ ತನ್ನಷ್ಟಕ್ಕೆ ತಿರುಗುತ್ತಾ ಹೋಯಿತು. ಅದರ ಬೆನ್ನಿನ ಬಿಳಿ ಗೆರೆ ಎಷ್ಟು ನೀಟಾಗಿತ್ತೆಂದರೆ, ಯಾರೋ ಸಣ್ಣ ಕುಂಚ ಹಿಡಿದು ಎಳೆದ ಹಾಗಿತ್ತು. ಎಲ್ಲ ಅವರೆಕಾಳಿಗೂ ಇದು ಇರುತ್ತದೆಯೇ, ಇಷ್ಟು ವರ್ಷ ನಾನೇಕೆ ನೋಡಿಲ್ಲ ಎಂದುಕೊಂಡೆ. ಅಷ್ಟು ಅಂದುಕೊಂಡು ತಿರುಗಿ ನೋಡಿದರೆ ನನ್ನ ಕೈಯಲ್ಲಿ ಮಂಚದ ಕಾಲು ಇರಲಿಲ್ಲ.

ಮಂಚ ಅಂಗಳದ ಮೇಲೆ ಕಟ್ಟಿದ್ದ ಬಲೆಗೆ ಹೋಗಿ ಮೆತ್ತಗೆ ತಗುಲಿ ನಿಂತಿತು. ಇನ್ನು ಹನ್ನೊಂದು ನಿಮಿಷ ಅವಳು ಅಲ್ಲೇ ಇರಬೇಕು, ಕಂಬಿ ಹಿಡಿದುಕೊಂಡು ನಾನು ಇಲ್ಲೇ ಇರಬೇಕು. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ಮಾತಾಡಿದೆವು.

"ಚೌಡಿ," ಎಂದಳು ಮೇಲಿನಿಂದ, "ಇಲ್ಲಿ ನನ್ನ ಜೊತೆ ನಾಲ್ಕು ಬೋಲ್ಟೂ ಬಂದವೆ. ನಿನ್ನವೇನೆ?"

"ನನ್ನವೇ ಅಜ್ಜಿ."

"ಇವು ನೆಲದಾಗೆ ಇರಬೇಕಾಗಿತ್ತಲ್ವಾ?"

"ಇರಬೇಕಾಗಿತ್ತು."

"ಹಂಗಾದ್ರೆ ಬೆಳಿಗ್ಗೆ ಅಷ್ಟೊತ್ತು ಕುಕ್ಕರಗಾಲಲ್ಲಿ ಕೂತ್ಕಂಡು ನೀನು ಮಾಡಿದ್ದೇನು?"

ಮಾಡಿದ್ದನ್ನು ಹೇಳಿದೆ. ಅವಳ ಅಂಗಳದ ಚಪ್ಪಡಿ ಹಳೆಯದು, ಒಳಗೊಳಗೇ ಟೊಳ್ಳು. ಹಿಂದೆ ಬಂದಿದ್ದ ಮೂವರು ಫಿಟ್ಟರುಗಳು ಇಲ್ಲಿ ಬೋಲ್ಟು ನಿಲ್ಲುವುದಿಲ್ಲ ಎಂದು ಕೈಬಿಟ್ಟು ಹೋಗಿದ್ದರು. ನಾನು ಬೆರಳ ಗಂಟಿನಿಂದ ಚಪ್ಪಡಿ ತಟ್ಟುತ್ತಾ ಹೋಗಿ ಗಟ್ಟಿ ಇರುವ ನಾಲ್ಕು ಜಾಗ ಹುಡುಕಿದೆ, ತೂತು ಕೊರೆದೆ, ಮಂಚ ಕೂರಿಸಿದೆ, ನಾಲ್ಕೂ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿದೆ. ಇದಕ್ಕೆ ನಾವು ಕೈಬಿಗಿ ಅನ್ನುತ್ತೇವೆ. ನಾಲ್ಕೂ ಕಾಲು ಕೈಬಿಗಿಯಲ್ಲಿ ಸರಿಯಾಗಿ ಕೂತ ಮೇಲೆ ಸ್ಪ್ಯಾನರ್ ಹಾಕಿ ಬಿಗಿಯಬೇಕು. ಚೀಲದಿಂದ ಸ್ಪ್ಯಾನರ್ ತೆಗೆದು ನೆಲಕ್ಕಿಡುತ್ತಾ ಚೀಲದೊಳಗೆ ನೋಡಿದೆ. ಅಲ್ಲಿ, ಎರಡು ತಿಂಗಳಿಂದ ಹುಡುಕುತ್ತಿದ್ದ ಅಳತೆ ಟೇಪು ಸಿಕ್ಕಿತು. ಅದು ನನ್ನದಲ್ಲ, ಬಡಗಿಯೊಬ್ಬರದು. ನಾನು ಕದ್ದೆನೆಂದು ಅವರು ಮಾತು ಬಿಟ್ಟಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಓಡಿಹೋಗಿ ಟೇಪು ಕೊಟ್ಟು, ಅವರ ಮನೆಯಲ್ಲಿ ಕಾಫಿ ಕುಡಿದು, ಕೆಲಸ ಮುಗಿದ ನೆಮ್ಮದಿಯಲ್ಲಿ ಬಂದು ಚೀಲ ತೆಗೆದುಕೊಂಡು, "ಮಲಕ್ಕೋ ಅಜ್ಜಿ, ತಟ್ಟಿ ನೋಡೋರು ನಾಳೆ ಬರ್ತಾರೆ," ಎಂದು ಹೇಳಿಹೋಗಿದ್ದೆ. ಮಧ್ಯಾಹ್ನ ಮತ್ತೆ ಬಂದದ್ದು ಸ್ಪ್ಯಾನರ್ ಇಲ್ಲೇ ಬಿಟ್ಟಿದ್ದೆ ಎಂದು. ಬಂದಾಗ ಮೂರು ಗಂಟೆಗೆ ಒಂದೇ ನಿಮಿಷವಿತ್ತು.

"ಟೇಪು ಕೊಟ್ಟಿದ್ದಕ್ಕೆ ಅವನೇನಂದ?" ಎಂದಳು ಹಂಪಜ್ಜಿ.

"ಖುಷಿಪಟ್ಟ."

"ಪಡಲಿ ಬಿಡು. ಒಬ್ರಾದ್ರೂ ಪಡಲಿ."

ಮಂಚ ನಿಧಾನವಾಗಿ ಇಳಿಯಿತು. ಆದರೆ ಹೋದ ದಾರಿಯಲ್ಲಿ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಭಾರ ಮರಳಿದ ಗಳಿಗೆಗೆ ಅದರ ಒಂದು ಕಾಲು ಲಟಕ್ಕೆಂದು ಮುರಿಯಿತು. ಅಜ್ಜಿಗೆ ಏನೂ ಆಗಲಿಲ್ಲ. ಅವರೆಕಾಳು ಮಾತ್ರ ಮೂರು ಮನೆಗಳ ಅಂಗಳಕ್ಕೆ ಹಂಚಿಹೋಯಿತು.

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಹನ್ನೊಂದು ನಿಮಿಷ ಎಲ್ಲವೂ ಹಗುರವಾಗುತ್ತದೆ. ಹೊರಗಿನವರು ಬಂದರೆ ಯಾಕೆ ಎಂದು ಕೇಳುತ್ತಾರೆ. ನಾವು ಅವರಿಗೆ ಹತ್ತಿರದ ಕಂಬಿ ತೋರಿಸುತ್ತೇವೆ. ಬೀರು, ಒರಳು, ಗ್ಯಾಸ್ ಒಲೆ, ಮೇಜು, ಎಮ್ಮೆಯ ಗೂಟ, ಎಲ್ಲವೂ ನೆಲಕ್ಕೆ ಬೋಲ್ಟಾಗಿರಬೇಕು. ಹಾಗಾಗಿ ಊರಿನಲ್ಲಿ ಫಿಟ್ಟರಿಗೆ ಇರುವ ಮರ್ಯಾದೆ ಪೂಜಾರಿಗೂ ಇಲ್ಲ. ಫಿಟ್ಟರ್ ಆದವರಿಗೆ ಬಿಗಿ ಆಫೀಸಿನವರು ನಂಬರ್ ಹೊಡೆದ ಒಂದು ಸ್ಪ್ಯಾನರ್ ಕೊಡುತ್ತಾರೆ, ಜೊತೆಗೆ ಒಂದು ಕೆಂಪು ಪುಸ್ತಕ. ಕೆಂಪು ಪುಸ್ತಕದವರ ಕೆಲಸವನ್ನು ಇನ್ನೊಬ್ಬರು ತಟ್ಟಿ ನೋಡಬೇಕು. ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡಿದವರಿಗೆ ನೀಲಿ ಪುಸ್ತಕ ಸಿಗುತ್ತದೆ. ಅವರ ಕೆಲಸವನ್ನು ಯಾರೂ ತಟ್ಟುವುದಿಲ್ಲ. ಬಂದರು, ಬಿಗಿದರು, ತಾವೇ ಸಹಿ ಹಾಕಿದರು, ಹೋದರು. ನನ್ನ ಜೊತೆ ಕಲಿತವರಿಗೆಲ್ಲ ನೀಲಿ ಪುಸ್ತಕ ಬಂದು ವರ್ಷಗಳಾಗಿವೆ. ಹಬ್ಬದ ದಿನ ಅವರು ಅದನ್ನು ಶರ್ಟಿನ ಜೇಬಿನಿಂದ ಅರ್ಧ ಕಾಣುವ ಹಾಗೆ ಇಟ್ಟುಕೊಂಡು ಓಡಾಡುತ್ತಾರೆ. ನಾನೂ ಹದಿನೇಳನೇ ವಯಸ್ಸಿನಲ್ಲಿ ಅಂಥದೇ ಅಳತೆಯ ಜೇಬು ಇರುವ ಒಂದು ಶರ್ಟು ಹೊಲಿಸಿದ್ದೆ. ಈಗ ನನಗೆ ಇಪ್ಪತ್ತಾರು. ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಳ್ಳುತ್ತೇನೆ.

ಕಷ್ಟದ ಕೆಲಸದಲ್ಲಿ ನಾನು ತಪ್ಪಿದವಳಲ್ಲ. ಬಿರುಕು ನೆಲ, ಓರೆ ಗೋಡೆ, ಯಾರೂ ಮುಟ್ಟದ ಕೆಲಸವೆಂದರೆ ನನಗೇ ಹೇಳಿಕಳಿಸುತ್ತಾರೆ. ನಾನು ತಪ್ಪುವುದು ಸುಲಭದಲ್ಲಿ. ಸ್ಕೂಲು ಮೇಷ್ಟ್ರ ಮೇಜಿಗೆ ಮೂರು ಬೋಲ್ಟು ಹಾಕಿ ನಾಲ್ಕನೆಯದನ್ನು ಮೇಜಿನ ಮೇಲೇ ಇಟ್ಟು ಬಂದದ್ದು ಮೊದಲನೇ ದೂರು. ಕ್ಷೌರದಂಗಡಿಯ ಕುರ್ಚಿ ಅರ್ಧ ಗಡ್ಡದ ಗಿರಾಕಿಯ ಸಮೇತ ಮೇಲೆದ್ದು ಚಾವಣಿ ಮುಟ್ಟಿದ್ದು ಎರಡನೆಯದು. ಮೂರನೇ ದೂರು ಬಿದ್ದರೆ ಸ್ಪ್ಯಾನರ್ ವಾಪಸ್. ಆಮೇಲೆ ಜೀವನಪೂರ್ತಿ ಇನ್ನೊಬ್ಬರು ಬಿಗಿದ ಕುರ್ಚಿಯಲ್ಲಿ ಕೂರಬೇಕು.

ಎರಡನೇ ದೂರಿನ ಮೇಲೆ ಆಫೀಸಿನವರೇ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದ್ದರು. ಆ ಡಾಕ್ಟರಮ್ಮ ಹಾಳೆಗಟ್ಟಲೆ ಪ್ರಶ್ನೆ ಕೇಳಿ, ಮಧ್ಯೆ ನಾನು ಅವರ ಕುರ್ಚಿಯ ಬೋಲ್ಟು ಸಡಿಲವಾಗಿದೆ ಎಂದು ಬಗ್ಗಿ ಬಿಗಿದದ್ದನ್ನೂ ಬರೆದುಕೊಂಡು, ಇದಕ್ಕೆ ಎಡಿಎಚ್‌ಡಿ ಎಂದು ಹೆಸರು ಎಂದರು. ಮಾತ್ರೆ ಬರೆದುಕೊಟ್ಟರು. ಒಬ್ಬಳೇ ಕೆಲಸ ಮಾಡಬೇಡ, ತಲೆಯಲ್ಲಿ ಇಟ್ಟುಕೊಳ್ಳಬೇಡ, ಕಣ್ಣಿಗೆ ಕಾಣುವ ಹಾಗೆ ಹೊರಗಿಡು ಎಂದರು. ಹೊರಗೆ ಬಂದು ಕಂಬಿ ಹಿಡಿದುಕೊಂಡು ಸ್ವಲ್ಪ ಅತ್ತೆ. ಉಡಾಳಿ, ಮರೆಗುಳಿ, ಗಾಳಿ, ಮನಸ್ಸಿಟ್ಟು ಮಾಡಲ್ಲ, ಹೀಗೆ ಇಷ್ಟು ವರ್ಷ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಎಲ್ಲದಕ್ಕೂ ಸೇರಿ ಒಂದೇ ಹೆಸರು ಸಿಕ್ಕಿದ್ದರಿಂದ ಮನಸ್ಸು ಒಂಥರಾ ಹಗುರವಾಯಿತು. ಆ ಖುಷಿಯಲ್ಲಿ ಮಾತ್ರೆ ಚೀಟಿ ಎಲ್ಲಿಟ್ಟೆನೋ, ಸಿಗಲಿಲ್ಲ.

ಹಂಪಜ್ಜಿ ದೂರಿನ ಫಾರಂ ತರಿಸಿಕೊಂಡಳು. ಪಕ್ಕದ ಮನೆಯವರ ಕೈಯಲ್ಲಿ ಎಲ್ಲ ಬರೆಸಿದಳು. ನಾನು ಎದುರಿಗೇ ಕೂತು ನೋಡುತ್ತಿದ್ದೆ. ಹೆಬ್ಬೆಟ್ಟು ಒತ್ತುವ ಚೌಕ ಮಾತ್ರ ಖಾಲಿ ಉಳಿಯಿತು. ಅವಳಿಗೆ ಸಹಿ ಬರುತ್ತಿತ್ತು. ಆದರೆ ನಮ್ಮೂರಲ್ಲಿ ದೂರಿಗೆ ಹೆಬ್ಬೆಟ್ಟೇ ಆಗಬೇಕು.

"ಇದನ್ನ ಎಷ್ಟು ದಿನದೊಳಗೆ ಕೊಡಬೇಕು?" ಎಂದಳು.

"ಮೂವತ್ತು ದಿನ."

ಫಾರಮನ್ನು ಮಡಚಿ ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು. "ಹಂಗಾದ್ರೆ ಮೂವತ್ತು ದಿನ ನಾನು ನಿನ್ನ ಜೊತೆ ಬರ್ತೀನಿ. ಒಂದೇ ಒಂದು ಬೋಲ್ಟು ಮೇಲಕ್ಕೆದ್ರೂ ಒತ್ತೇ ಒತ್ತುತೀನಿ. ಏಳದೇ ಹೋದ್ರೆ ಇದನ್ನ ಹರಿದು ಹಾಕ್ತೀನಿ."

"ಅಜ್ಜಿ, ನಿನಗೆ ಈ ಕೆಲಸ ಗೊತ್ತಿಲ್ಲ."

"ನನಗೆ ಡ್ರೈವಿಂಗೂ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ನಾನು ಹೇಳ್ದೆ ಬಸ್ಸು ಮುಂದಕ್ಕೆ ಹೋಗಿಲ್ಲ."

ಹಂಪಜ್ಜಿ ಕಂಡಕ್ಟರ್ ಆಗಿದ್ದವಳು. ಮೂರು ಗಂಟೆಗೆ ಎಲ್ಲಿದ್ದರೂ ಬಸ್ಸನ್ನು ರಸ್ತೆ ಬದಿಯ ಸರಪಳಿಗೆ ಕಟ್ಟಿಸಿ, ಜನರನ್ನು ಎಣಿಸಿ, ಹನ್ನೊಂದು ನಿಮಿಷ ಕಳೆದ ಮೇಲೆ ಮತ್ತೆ ಎಣಿಸಿ, ಆಮೇಲೆ ರೈಟ್ ರೈಟ್ ಅನ್ನುತ್ತಿದ್ದಳಂತೆ. ಅವಳ ಬಸ್ಸಿನಿಂದ ಒಬ್ಬರೂ ಕಿಟಕಿಯಾಚೆ ಹಾರಿಹೋಗಿರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದೆ. ತಟ್ಟಿ ನೋಡುವವರು ಇನ್ನೊಬ್ಬರಾಗಿರಬೇಕು ಎಂದಷ್ಟೇ ಪುಸ್ತಕದಲ್ಲಿತ್ತು, ಅವರಿಗೆ ಕೆಲಸ ಗೊತ್ತಿರಬೇಕು ಎಂದಿರಲಿಲ್ಲ. ಅಜ್ಜಿ ಯಾಕೆ ಬರುತ್ತಾಳೆಂದು ನಾನು ಅಲ್ಲಿ ಹೇಳಲಿಲ್ಲ.

ಮೊದಲ ದಿನ ಅವಳು ಹಳೆಯ ಚರ್ಮದ ಕಂಡಕ್ಟರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು. ನನ್ನ ಬೋಲ್ಟುಗಳನ್ನೆಲ್ಲ ಕಸಿದು ಅದಕ್ಕೆ ತುಂಬಿದಳು. ಟೈಲರೊಬ್ಬರ ಹೊಲಿಗೆ ಯಂತ್ರ ಕೂರಿಸುವ ಕೆಲಸ ಅದು.

"ಒಂದು ಬೋಲ್ಟು ಕೊಡಜ್ಜಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ?"

"ಎಲ್ಲಿಗೆ ಅಂತ ಹೇಳ್ದೆ ಟಿಕೆಟ್ ಕೊಡೋಕಾಗುತ್ತಾ?"

"ಮುಂದಿನ ಎಡಗಾಲಿಗೆ."

ಒಂದು ಬೋಲ್ಟು ಕೊಟ್ಟಳು. ಅದನ್ನು ಹಾಕಿದ ಮೇಲೆ ಇನ್ನೊಂದು ಕೇಳಿದೆ. ಅವಳು ಕೊಡಲಿಲ್ಲ, ಮೊದಲು ಹಾಕಿದ್ದನ್ನು ಪೂರ್ತಿ ಬಿಗಿ ಎಂದಳು. ಹಾಗೆ ಒಂದೊಂದನ್ನೇ ಬಿಗಿಯುತ್ತಾ ಹೋದರೆ ಯಂತ್ರ ವಾಲುತ್ತದೆ, ಮೊದಲು ನಾಲ್ಕೂ ಕೈಬಿಗಿ ಆಗಬೇಕು ಎಂದು ವಿವರಿಸಿದೆ. ಟೈಲರೂ ಹೌದೆಂದರು. ಹಂಪಜ್ಜಿ ಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ಎಲೆ ಹಾಕಿಕೊಂಡು ಯೋಚನೆ ಮಾಡಿದಳು.

"ಅಂದ್ರೆ ಇದರಾಗೆ ಹೋಗೋ ಟ್ರಿಪ್ಪು ಒಂದು, ಬರೋ ಟ್ರಿಪ್ಪು ಒಂದು."

"ಹೂಂ."

"ನೀನು ಹೋಗೋ ಟ್ರಿಪ್ಪು ಮುಗಿಸ್ಕಂಡು ಬಸ್ಸು ಅಲ್ಲೇ ಬಿಟ್ಟು ಕಾಫಿಗೆ ಹೋಗ್ತೀಯ."

ಇಪ್ಪತ್ತಾರು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಮರುದಿನ ಅವಳು ಅಟ್ಟದಿಂದ ಹಳೆಯ ಟಿಕೆಟ್ ಕಟ್ಟುಗಳನ್ನು ಇಳಿಸಿ ತಂದಳು. ಬಳಕೆಯಾಗದೆ ಉಳಿದ ತಿಳಿಗುಲಾಬಿ ಬಣ್ಣದ ತೆಳು ಟಿಕೆಟ್‌ಗಳು. ಹೋಗುವ ಟ್ರಿಪ್ಪಿನಲ್ಲಿ ಪ್ರತಿ ಬೋಲ್ಟಿನ ಜೊತೆ ಒಂದು ಟಿಕೆಟ್ ಕೊಡುತ್ತಾಳೆ, ಅದನ್ನು ಬೋಲ್ಟಿನ ತಲೆಯ ಕೆಳಗೆ ಸಿಕ್ಕಿಸಬೇಕು. ಕೈಬಿಗಿಯಲ್ಲಿ ಅದು ಬಾಲದ ಹಾಗೆ ಹೊರಗೆ ಕಾಣುತ್ತಿರುತ್ತದೆ. ಬರುವ ಟ್ರಿಪ್ಪಿನಲ್ಲಿ ಟಿಕೆಟ್ ಎಳೆದು, ಸ್ಪ್ಯಾನರ್ ಹಾಕಿ ಬಿಗಿದು, ಟಿಕೆಟ್ಟನ್ನು ಅವಳಿಗೆ ವಾಪಸ್ ಕೊಡಬೇಕು. ಅವಳು ಅಡಿಕೆ ಕುಟ್ಟಣಿಯಿಂದ ಬೋಲ್ಟು ತಟ್ಟಿ, ಟಿಣ್ ಎಂದು ಕೇಳಿಸಿದ ಮೇಲೆ ಟಿಕೆಟ್ ಹರಿಯುತ್ತಾಳೆ. ಕೊಟ್ಟಷ್ಟು ಟಿಕೆಟ್ ಹರಿದ ಮೇಲೆಯೇ ರೈಟ್ ರೈಟ್. ಅಲ್ಲಿಯವರೆಗೆ ನಾನು ಹೊಸ್ತಿಲು ದಾಟುವ ಹಾಗಿಲ್ಲ.

ಇದರಲ್ಲೂ ಒಂದು ಸಂದು ಉಳಿದಿತ್ತು, ಅದನ್ನು ನಾನೇ ಕಂಡುಹಿಡಿದೆ, ಅಂದರೆ ಅದರಲ್ಲಿ ನಾನೇ ಬಿದ್ದೆ. ಟಿಕೆಟ್ ಎಳೆಯುವುದಕ್ಕೂ ಸ್ಪ್ಯಾನರ್ ಹಾಕುವುದಕ್ಕೂ ನಡುವೆ ಒಂದು ಬೆಕ್ಕು ಅಡ್ಡ ಬಂತು. ಮೂರು ಬಣ್ಣದ ಬೆಕ್ಕು. ನಾನು ಅದರ ಹಿಂದೆ ಹೋಗಿ ವಾಪಸ್ ಬಂದಾಗ ಟಿಕೆಟ್ ನನ್ನ ಕೈಯಲ್ಲಿತ್ತು, ಬೋಲ್ಟು ಸಡಿಲವಿತ್ತು. ಅಜ್ಜಿಯ ಕುಟ್ಟಣಿಗೆ ಅದು ಟಪ್ ಎಂದಿತು. ಅಂದಿನಿಂದ ಎಳೆದ ಟಿಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಿಗಿಯಬೇಕು ಎಂದಾಯಿತು. ಇದರಿಂದ ನಾವು ಎಣಿಸಿರದ ಒಂದು ಲಾಭವಾಯಿತು. ಬಾಯಿ ಮುಚ್ಚಿದ್ದರಿಂದ ನಾನು ಮನೆಯವರ ಜೊತೆ ಮಾತಿಗೆ ನಿಲ್ಲುವುದು ತಪ್ಪಿತು. ನನ್ನ ಅರ್ಧ ಬೋಲ್ಟುಗಳು ಮಾತಿನಲ್ಲೇ ಕಳೆದುಹೋಗುತ್ತಿದ್ದವು ಎಂಬುದು ನನಗೆ ತಿಳಿದದ್ದು ಆಗ.

"ಚೌಡಮ್ಮ, ಇದೇನು ಬಾಯಾಗೆ ಟಿಕೆಟ್ಟು? ಎಲ್ಲಿಗೆ ಹೊರಟೆ?" ಎಂದು ಜನ ಕೆಣಕುತ್ತಿದ್ದರು.

"ಹಿಂದಿನ ಬಲಗಾಲಿಗೆ," ಎಂದು ಹಂಪಜ್ಜಿಯೇ ಉತ್ತರ ಕೊಡುತ್ತಿದ್ದಳು. "ಮಾತಾಡಿಸಬ್ಯಾಡಿ, ಇಳಿಯೋ ಸ್ಟಾಪು ತಪ್ಪುತ್ತೆ."

ಮಾತ್ರೆ ಚೀಟಿ ಸಿಕ್ಕಿದ್ದೂ ಆ ವಾರದಲ್ಲೇ. ಕ್ಷೌರದಂಗಡಿಗೆ, ಅಂದು ಹಾರಿದ್ದ ಕುರ್ಚಿಯನ್ನು ಬಿಟ್ಟಿ ಸರಿಮಾಡಿಕೊಡಲು ಹೋಗಿದ್ದಾಗ ಮೂರು ಗಂಟೆಯಾಯಿತು. ಅವಳ ಬೆಲ್ಟಿನ ಕೊಕ್ಕೆಯನ್ನು ನಾನು, ನನ್ನದನ್ನು ಅವಳು ಕಂಬಿಗೆ ಸಿಕ್ಕಿಸಿ ನಿಂತಿದ್ದೆವು. ಕನ್ನಡಿಯ ಹಿಂದಿನಿಂದ ಒಂದು ಕಾಗದ ಮೆಲ್ಲಗೆ ಎದ್ದು ಬಂದು ಅಜ್ಜಿಯ ಗಲ್ಲಕ್ಕೆ ತಾಗಿತು. ಆ ಹೊಸ ಹೆಸರನ್ನು ಹೇಳಲು ಇಲ್ಲಿಗೆ ಓಡಿಬಂದ ದಿನ ನಾನೇ ಅದನ್ನು ಅಲ್ಲಿ ಸಿಕ್ಕಿಸಿದ್ದೆ. ಅವಳು ಅದನ್ನು ಓದಿ, ಆ ಸಂಜೆಯೇ ಔಷಧಿ ಅಂಗಡಿಗೆ ಕರೆದುಕೊಂಡು ಹೋದಳು. ದಿನಾ ಬೆಳಿಗ್ಗೆ ಅವಳ ಮನೆಯಲ್ಲಿ ರೊಟ್ಟಿ ತಿಂದು ಅವಳ ಎದುರಿಗೇ ನುಂಗಬೇಕು. ಮಾತ್ರೆ ಒಳ್ಳೆಯ ಕೆಲಸ ಮಾಡಿತು. ಮೊದಲು ನನ್ನ ತಲೆ ಸಂತೆ ದಿನದ ಬಸ್‌ಸ್ಟ್ಯಾಂಡಿನ ಹಾಗಿತ್ತು, ಎಲ್ಲ ಊರಿನ ಹೆಸರನ್ನೂ ಒಟ್ಟಿಗೇ ಕೂಗುತ್ತಿದ್ದರು. ಈಗ ಕೂಗು ತಗ್ಗಿ, ನನ್ನ ಬಸ್ಸು ಯಾವುದೆಂದು ಕಾಣಿಸತೊಡಗಿತು. ಹತ್ತುವುದು ಮಾತ್ರ ನಾನೇ ಹತ್ತಬೇಕಿತ್ತು.

ಹತ್ತೊಂಬತ್ತನೇ ದಿನ ಅಜ್ಜಿಗೆ ಜ್ವರ. ಹದಿನೆಂಟು ದಿನ ಒಂದೂ ಬೋಲ್ಟು ತಪ್ಪಿರಲಿಲ್ಲ, ಬೀದಿಯಲ್ಲಿ ನಡೆದರೆ ನನಗೇ ನನ್ನ ನಡಿಗೆ ಬೇರೆ ಅನ್ನಿಸುತ್ತಿತ್ತು. "ನೀನು ಮಲಕ್ಕೋ. ಒಂದೇ ಗ್ರೈಂಡರು, ಟಿಕೆಟ್ ಕೊಡು ಸಾಕು, ನಾನೇ ಮಾಡ್ಕಂಡು ಬರ್ತೀನಿ. ನೀನು ತಟ್ಟೋದು ನಾಳೆ," ಎಂದೆ. ಅಲ್ಲಿ ಹೋಗೋ ಟ್ರಿಪ್ಪು ಚೆನ್ನಾಗಿಯೇ ಆಯಿತು. ಬರೋ ಟ್ರಿಪ್ಪಿನಲ್ಲಿ, ಹೇಗೂ ಅಜ್ಜಿ ಇಲ್ಲ, ಒಂದೊಂದನ್ನೇ ಕಚ್ಚುವುದೇಕೆ ಎಂದು ನಾಲ್ಕೂ ಟಿಕೆಟ್ ಒಟ್ಟಿಗೆ ಎಳೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಮನೆಯವರು ದೋಸೆ ಕೊಟ್ಟರು, ತಿಂದೆ. ವಾಪಸ್ ಬಂದು ಅಜ್ಜಿಯ ಹಣೆ ಮುಟ್ಟಿ ನೋಡಿ, ಹೆಮ್ಮೆಯಿಂದ ನಾಲ್ಕು ಟಿಕೆಟ್ಟನ್ನು ಅವಳ ಹೊದಿಕೆಯ ಮೇಲಿಟ್ಟೆ.

ಅವಳು ಕಣ್ಣು ತೆರೆದು ಟಿಕೆಟ್ಟುಗಳನ್ನು ನೋಡಿದಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು.

"ಒಂದ್ರ ಮೇಲೂ ಹಲ್ಲಿನ ಗುರುತಿಲ್ಲ," ಎಂದಳು.

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ದಾರಿಯಲ್ಲಿ ಜನ ಆಗಲೇ ಕಂಬಿಗಳ ಹತ್ತಿರ ಸರಿಯುತ್ತಿದ್ದರು, ತರಕಾರಿ ಗಾಡಿಯವರು ಬಲೆ ಹೊದಿಸುತ್ತಿದ್ದರು. ಆ ಮನೆಯ ಅಡುಗೆಕೋಣೆಗೆ ನುಗ್ಗಿ, ಒಂದೂ ಮಾತಾಡದೆ, ನಾಲ್ಕು ಬೋಲ್ಟಿಗೂ ಸ್ಪ್ಯಾನರ್ ಹಾಕಿದೆ. ಕೊನೆಯದು ಬಿಗಿಯಾಗುವುದಕ್ಕೂ ಸೌಟು ಗೋಡೆಯ ಮೊಳೆಯಿಂದ ತಾನಾಗಿ ಏಳುವುದಕ್ಕೂ ಸರಿಹೋಯಿತು. ಗ್ರೈಂಡರು ಅಲುಗಲಿಲ್ಲ. ನಾನು ಅದನ್ನೇ ತಬ್ಬಿಕೊಂಡು ಹನ್ನೊಂದು ನಿಮಿಷ ಕಳೆದೆ.

ವಾಪಸ್ ಬಂದು ಹಂಪಜ್ಜಿಯ ಎದುರು ಇಂಕಿನ ಡಬ್ಬಿ ಇಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಗಂಜಿ ಕೇಳಿದಳು. "ಮೂರು ಗಂಟೆಯೊಳಗೆ ಬಿಗಿದಿದ್ದು ಬಿಗಿದಂಗೇ. ಆದ್ರೆ ಒಂದು ತಿಳ್ಕ. ಟಿಕೆಟ್ಟು ಇರೋದು ನಿನ್ನ ಜೇಬಿಗಲ್ಲ, ನನ್ನ ಕೈಗೆ."

ಮೂವತ್ತನೇ ದಿನಕ್ಕೆ ಹೆರಿಗೆ ಆಸ್ಪತ್ರೆಯ ಕೆಲಸ ಬಂತು. ಹೊಸ ವಾರ್ಡಿಗೆ ಹನ್ನೆರಡು ತೊಟ್ಟಿಲು, ನಲವತ್ತೆಂಟು ಬೋಲ್ಟು. ವಾರ್ಡು ಹೊಸದಾದರೂ ನೆಲ ಹಳೆಯದು, ಬಿರುಕು ಬಿಟ್ಟದ್ದು. ನೀಲಿ ಪುಸ್ತಕದವರು ನೋಡಿ ಹಿಂದೆ ಸರಿದ ಮೇಲೆ ಬಿಗಿ ಆಫೀಸಿನ ಇನ್‌ಸ್ಪೆಕ್ಟರ್ ಅಡವೀಶಪ್ಪನವರು ಬೇರೆ ದಾರಿಯಿಲ್ಲದೆ ನನ್ನನ್ನು ಕರೆದಿದ್ದರು. ಅವರು ಮಾತು ಕಡಿಮೆಯ ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಇಡದವರು. ಆ ನಿಯಮದಲ್ಲೇ ಇನ್ನೊಂದು ಇತ್ತು. ಆಸ್ಪತ್ರೆಯ ತೊಟ್ಟಿಲ ಕೆಲಸವನ್ನು ಒಂದೂ ತಪ್ಪಿಲ್ಲದೆ ಮುಗಿಸಿದವರಿಗೆ, ಹಿಂದಿನ ದೂರು ಏನೇ ಇರಲಿ, ನೀಲಿ ಪುಸ್ತಕ. ಹಿಂದಿನ ದಿನ ನಾನು ಆ ಹಳೇ ಶರ್ಟನ್ನು ಒಗೆದು ಒಣಹಾಕಿದೆ.

ಕೆಲಸ ಬೆಳಿಗ್ಗೆ ಏಳಕ್ಕೆ ಶುರುವಾಯಿತು. ತಾಯಂದಿರು ಹಾಸಿಗೆಗಳ ಮೇಲೆ ಕೂಸುಗಳನ್ನು ತೊಡೆಗೆ ಕಟ್ಟಿಕೊಂಡು ನೋಡುತ್ತಿದ್ದರು. ನಾನು ನೆಲ ತಟ್ಟಿ ತಟ್ಟಿ ಗಟ್ಟಿ ಜಾಗ ಹುಡುಕಿದೆ. ಹೋಗೋ ಟ್ರಿಪ್ಪು ಮುಗಿದಾಗ ಇಡೀ ವಾರ್ಡಿನಲ್ಲಿ ನಲವತ್ತೆಂಟು ಗುಲಾಬಿ ಬಾಲಗಳು ಕಾಣುತ್ತಿದ್ದವು. "ಏಳನೇ ತೊಟ್ಟಿಲು, ಹಿಂದಿನ ಎಡ," ಎಂದು ನಾನು ಹೇಳುವುದು, ಟಿಣ್ ಎನ್ನುವುದು, ಅಜ್ಜಿ ಟಿಕೆಟ್ ಹರಿಯುವುದು, ಇಷ್ಟೇ ಸದ್ದು. ಎರಡೂವರೆಗೆ ಕೊನೆಯ ಬೋಲ್ಟು ಬಿಗಿದೆ. ತಾಯಂದಿರು ಕೂಸುಗಳನ್ನು ತೊಟ್ಟಿಲಿಗೆ ಹಾಕಿ ಪಟ್ಟಿ ಕಟ್ಟಿದರು. ಅಜ್ಜಿ ಹರಿದ ಟಿಕೆಟ್ಟುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹೋಲ್ಡಾನ್," ಎಂದಳು. "ನಲವತ್ತೇಳು."

ಮೊದಲ ತೊಟ್ಟಿಲಿನಿಂದ ಶುರುಮಾಡಿ ಇಬ್ಬರೂ ತಟ್ಟುತ್ತಾ ಬಂದೆವು, ಅವಳು ಕುಟ್ಟಣಿಯಿಂದ, ನಾನು ಸ್ಪ್ಯಾನರಿನಿಂದ. ಟಿಣ್, ಟಿಣ್. ಎಲ್ಲವೂ ಗಟ್ಟಿ. ಎಲ್ಲೂ ಗುಲಾಬಿ ಬಾಲವಿಲ್ಲ. ಮತ್ತೆ ಮೊದಲಿನಿಂದ ತಟ್ಟಿದೆವು. ಐದನೇ ತೊಟ್ಟಿಲಿನ ಕೂಸು ಟಿಣ್ ಶಬ್ದಕ್ಕೆ ಆಕಳಿಸಿತು. ಇಷ್ಟು ಚಿಕ್ಕ ಮುಖದಲ್ಲಿ ಅಷ್ಟು ದೊಡ್ಡ ಆಕಳಿಕೆ. ನಾನು ನಿಂತು ನೋಡಿದೆ. ಈ ಸಲ ಪಕ್ಕದಲ್ಲಿ ಅಜ್ಜಿಯೂ ನಿಂತು ನೋಡಿದಳು.

ಕೆಲಸ ಮುಗಿದ ಕೂಡಲೇ ಅವಳ ಸೊಂಟದ ಬೆಲ್ಟಿನ ಕೊಕ್ಕೆಯನ್ನು ನಾನು ಗೋಡೆಯ ಕಂಬಿಗೆ ಸಿಕ್ಕಿಸಬೇಕು, ನನ್ನದನ್ನು ಅವಳು. ಇದು ನಮ್ಮ ನಿತ್ಯದ ಕ್ರಮ. ನಲವತ್ತೆಂಟನೇ ಟಿಕೆಟ್ ಹುಡುಕುವ ಗಡಿಬಿಡಿಯಲ್ಲಿ ಇಬ್ಬರಿಗೂ ಅದು ನೆನಪಾಗಲಿಲ್ಲ. ಮೂರು ಹೊಡೆಯಿತು. ನಾವಿಬ್ಬರೂ ಕೂಸನ್ನೇ ನೋಡುತ್ತಾ ನೋಡುತ್ತಾ ಮೇಲಕ್ಕೆ ಹೋದೆವು.

ಆಸ್ಪತ್ರೆಯ ಚಾವಣಿಗೆ ಬೆನ್ನು ತಾಗಿತು. ಕೆಳಗೆ ಹನ್ನೆರಡು ತೊಟ್ಟಿಲುಗಳು ಎರಡು ಸಾಲಿನಲ್ಲಿ ನೆಲಕ್ಕೆ ನೆಟ್ಟ ಹಾಗೆ ನಿಂತಿದ್ದವು. ಒಂದೂ ಅಲುಗಲಿಲ್ಲ. ತಾಯಂದಿರಲ್ಲಿ ಒಬ್ಬಳು ನಮ್ಮನ್ನು ನೋಡಿ ನಗಲು ಶುರುಮಾಡಿ, ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು.

"ಅಜ್ಜಿ," ಎಂದೆ, "ಯಾವುದೋ ಒಂದು ಉಳಿದೈತೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಹಂಪಜ್ಜಿ ಚಾವಣಿಯಲ್ಲೇ ಹೊರಳಿ ನನ್ನ ಮುಖ ನೋಡಿದಳು. "ಬಾಯಿ ತೆಗಿ," ಎಂದಳು.

ತೆಗೆದೆ. ಅವಳು ನನ್ನ ದವಡೆಯ ಸಂದಿನಿಂದ ಒಂದು ಗುಲಾಬಿ ಉಂಡೆಯನ್ನು ಎರಡು ಬೆರಳಲ್ಲಿ ಎಳೆದಳು. ಕೊನೆಯ ಬೋಲ್ಟಿನ ಖುಷಿಗೆ ನಾನು ಟಿಕೆಟ್ಟನ್ನು ಅಗಿದುಬಿಟ್ಟಿದ್ದೆ.

"ನಲವತ್ತೆಂಟು," ಎಂದಳು. "ಮೂವತ್ತೊಂದು ವರ್ಷದಾಗೆ ಟಿಕೆಟ್ ತಿಂದ ಪ್ಯಾಸೆಂಜರ್ ನೀನೇ ಮೊದಲು." ಆಮೇಲೆ ತನ್ನ ಸೊಂಟದಲ್ಲಿ ತೂಗುತ್ತಿದ್ದ ಕೊಕ್ಕೆಯನ್ನು ಒಮ್ಮೆ ಎತ್ತಿ ನೋಡಿಕೊಂಡಳು. "ಬಸ್ಸಿನಿಂದ ಹಾರಿದ ಮೊದಲನೇ ಕಂಡಕ್ಟರ್ ನಾನು. ನನಗೂ ಇದೇ ಏನೋ ಐತೆ ಅಂತ ಕಾಣುತ್ತೆ ಕಣೆ. ಡಾಕ್ಟರಮ್ಮನ್ನ ಕೇಳಬೇಕು."

"ನಿನಗಿಲ್ಲ ಬಿಡಜ್ಜಿ. ಆ ಕೂಸೇ ಹಂಗಿತ್ತು."

ಅಡವೀಶಪ್ಪನವರು ಕಂಬಿಯಿಂದ ಕಂಬಿಗೆ ಕೊಕ್ಕೆ ಬದಲಿಸುತ್ತಾ ವಾರ್ಡಿನೊಳಗೆ ಬಂದರು. ನಮ್ಮನ್ನು ತಲೆಯೆತ್ತಿ ನೋಡಿದರು. ತಮ್ಮ ಸುತ್ತಿಗೆ ತೆಗೆದು ತೊಟ್ಟಿಲುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ನಾವು ಮೇಲಿನಿಂದ ಎಣಿಸಿದೆವು. ನಲವತ್ತೆಂಟನೇ ಟಿಣ್ ಆದ ಮೇಲೆ ಅವರು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ಆ ಹೊತ್ತಿಗೆ ಭಾರ ಮರಳತೊಡಗಿತು. ನಾವು ಇಳಿಯುವಾಗ ಹಂಪಜ್ಜಿಯ ಎಲೆಯಡಿಕೆ ಚೀಲ ಬಾಯಿ ಬಿಟ್ಟು, ಎರಡು ವೀಳ್ಯದೆಲೆ, ಒಂದು ಅಡಿಕೆ ಮತ್ತು ನಾಲ್ಕು ಮಡಿಕೆಯ ಒಂದು ಕಾಗದ ನಮಗಿಂತ ಮುಂದೆ ಇಳಿದವು. ಕಾಗದ ಅಡವೀಶಪ್ಪನವರ ಕೈಯಲ್ಲೇ ಇಳಿಯಿತು. ಅವರು ಬಿಚ್ಚಿ ಓದಿದರು. ನನ್ನ ಕಾಲು ನೆಲ ಮುಟ್ಟಿತ್ತು, ಆದರೂ ನಾನು ಇನ್ನೂ ಎಲ್ಲೋ ಮೇಲಿದ್ದೆ.

"ಅಜ್ಜಿ, ಇದು ಮಂಚದ ದೂರು. ಇವತ್ತೇ ಕೊನೇ ದಿನ. ಹೆಬ್ಬೆಟ್ಟೊಂದು ಬಾಕಿ," ಎಂದು ಅವರು ಜೇಬಿನಿಂದ ಇಂಕಿನ ಪ್ಯಾಡ್ ತೆಗೆದು ಮುಂದೆ ಹಿಡಿದರು. ನಿಯಮವೆಂದರೆ ನಿಯಮ, ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

ಹಂಪಜ್ಜಿ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ಬಿದ್ದ ಎಲೆಗಳನ್ನು ಆಯ್ದು ಒರೆಸಿ, ಅದರಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದಳು. "ಎಲೆ ಬಾಡದಂಗೆ ಇಟ್ಕಂಡಿರೋ ಕಾಗದ ಸಾರ್ ಅದು. ಬೇಕಿದ್ರೆ ಒಂದು ಎಲೆ ಹಾಕ್ಕಳಿ."

ಅವರು ಪ್ಯಾಡನ್ನು ಮುಚ್ಚಿದರು. ಎಲೆಯನ್ನೂ ತೆಗೆದುಕೊಳ್ಳಲಿಲ್ಲ.

"ಸಾರ್, ನಾವೇ ಮೇಲೆ ಹೋಗಿದ್ವಿ," ಎಂದೆ ನಾನು. ಹೇಳದೆ ಇರಲು ಆಗಲಿಲ್ಲ. "ಅದು ತಪ್ಪಿನ ಲೆಕ್ಕಕ್ಕೆ ಬರಲ್ವಾ?"

ಅಡವೀಶಪ್ಪನವರು ಪ್ಯಾಡನ್ನು ಜೇಬಿಗೆ ಸೇರಿಸಿದರು. "ನಿಯಮದಲ್ಲಿ ಸಾಮಾನು ಅಂತಿದೆ. ಫಿಟ್ಟರು ಸಾಮಾನಲ್ಲ," ಎಂದು ಚೀಲದೊಳಗಿನಿಂದ ಆ ಪುಸ್ತಕ ತೆಗೆದರು. ಹೊಸದು, ಮೂಲೆ ಮಡಚದ್ದು. ನಾನು ಅಂದುಕೊಂಡಿದ್ದಕ್ಕಿಂತ ತಿಳಿ ನೀಲಿ. ಮೊದಲ ಪುಟದಲ್ಲಿ ಚೌಡಮ್ಮ ಎಂದು ದುಂಡಗೆ ಬರೆದಿತ್ತು. "ತಗೋ. ನಾಳೆಯಿಂದ ನಿನ್ನ ಕೆಲಸ ಯಾರೂ ತಟ್ಟಿ ನೋಡಬೇಕಾಗಿಲ್ಲ. ಅಜ್ಜಿನೂ ಬರಬೇಕಾಗಿಲ್ಲ. ಒಬ್ಬಳೇ ಮಾಡಬಹುದು."

ತಾಯಂದಿರು ಚಪ್ಪಾಳೆ ತಟ್ಟಿದರು. ಹಂಪಜ್ಜಿ ಬ್ಯಾಗನ್ನು ಹೆಗಲಿನಿಂದ ಇಳಿಸಿ, ಮುಷ್ಟಿಯಲ್ಲಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ರೈಟ್ ರೈಟ್," ಎಂದಳು. ಅವಳ ದನಿ ಮಾತ್ರ ಎಂದಿನಷ್ಟು ಗಟ್ಟಿಯಾಗಿರಲಿಲ್ಲ. "ತಗಾ ಚೌಡಿ. ನನಗೂ ಮಧ್ಯಾಹ್ನ ಒಂದಿಷ್ಟು ಮಲಗೋಕೆ ಆಗುತ್ತೆ."

ಪುಸ್ತಕ ನನ್ನ ಶರ್ಟಿನ ಜೇಬಿನ ಅಳತೆಯದೇ. ಇಟ್ಟರೆ ಅರ್ಧ ಹೊರಗೆ ಕಾಣುತ್ತಿತ್ತು, ನೀಟಾಗಿ. ಆ ಜೇಬಿನಲ್ಲಿ ಹನ್ನೊಂದು ದಿನಗಳ ಹಿಂದೆ ನಾಲ್ಕು ಟಿಕೆಟ್ ಇದ್ದವು, ಹಲ್ಲಿನ ಗುರುತಿಲ್ಲದವು. ನಾನು ಕೈ ಚಾಚಿ ಅಜ್ಜಿ ಇಳಿಸಿದ್ದ ಬ್ಯಾಗನ್ನು ಎತ್ತಿ ಮತ್ತೆ ಅವಳ ಹೆಗಲಿಗೆ ಹಾಕಿದೆ, ಅವಳ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಿದೆ. ಮೂರು ಗಂಟೆ ಕಳೆದು ಹೋಗಿತ್ತು, ಆದರೂ ಸಿಕ್ಕಿಸಿದೆ.

"ಬೇಡ ಸಾರ್, ನನಗೆ ಕೆಂಪೇ ಇರಲಿ," ಎಂದೆ.